ಮೈಕ್ ಹಿಡಿಯದ ಸ್ವರ

ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ. ಸಮಯ ಸಿಗಲಿಲ್ಲ ಅಂತ ನೆಪ ಹೇಳುವ ಹಾಗೂ ಇಲ್ಲ. ಮಂಗಳೂರಿನ ಪಡೀಲಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬಸಳೆ ಚಪ್ಪರ ಮಾತ್ರ. ಆಚೆಯಿಂದ ಅವಳು ಕೊಯ್ಯುತ್ತಾಳೆ, ಈಚೆಯಿಂದ ನಾವು ಕೊಯ್ಯುತ್ತೇವೆ. ಎಲೆಗಳ ಸಂದಿಯಲ್ಲಿ ಮುಖ ಕಾಣುತ್ತದೆ. ಅಲ್ಲೇ ನಿಂತು ಹೇಳಬಹುದಿತ್ತು. ಬಸಳೆ ಹಬ್ಬಿತು, ಸಿಗಡಿ ಹಾಕಿ ಪದಾರ್ಥ ಮಾಡಿ ಉಂಡೆವು, ಬಳ್ಳಿ ಒಣಗಿತು, ಮತ್ತೆ ನೆಟ್ಟೆವು. ವರ್ಷಗಳು ಹೀಗೆ ಹೋದವು. ನನ್ನ ಮಾತು ಮಾತ್ರ ಹಾಗೆಯೇ ಉಳಿದಿತ್ತು.

ಇವತ್ತು ಇದೆಲ್ಲ ಬರೆಯಬೇಕು ಅನ್ನಿಸಿದ್ದು ಅಂಗಳದ ಬಟ್ಟೆ ಹಗ್ಗ ನೋಡಿ. ಹಗ್ಗದಲ್ಲಿ ನನ್ನ ಮೈಕುಗಳ ಸ್ಪಂಜಿನ ಟೋಪಿಗಳು ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ಒಣಗುತ್ತಿವೆ. ದೂರದಿಂದ ನೋಡಿದರೆ ಯಾರೋ ಹಸುಗೂಸಿನ ಕಾಲುಚೀಲ ಒಗೆದು ಹಾಕಿದ ಹಾಗೆ ಕಾಣುತ್ತದೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಮೈಕಿನ ತಲೆಗೆ ಹಾಕುವ ಈ ಟೋಪಿಯನ್ನು ಆಗಾಗ ಒಗೆಯದಿದ್ದರೆ ಹತ್ತಿರ ಹೋಗುವ ಹಾಗಿಲ್ಲ. ಭಾಷಣ ಮಾಡುವವರ ಬಾಯಿಯಿಂದ ಮಾತು ಒಂದೇ ಬರುವುದಲ್ಲವಲ್ಲ. ಚುನಾವಣೆ ಮುಗಿಸಿ ಬಂದ ಟೋಪಿಗೆ ವೀಳ್ಯದೆಲೆ ವಾಸನೆ, ಮದುವೆಯಿಂದ ಬಂದದ್ದಕ್ಕೆ ಬಿರಿಯಾನಿ ವಾಸನೆ. ಮಹಿಳಾ ದಿನದ ಸಭೆಯಿಂದ ಬಂದದ್ದಕ್ಕೆ ಪೌಡರು, ಲಿಪ್‌ಸ್ಟಿಕ್ಕು, ಸ್ವಲ್ಪ ಮಲ್ಲಿಗೆ. ಇವತ್ತು ಶಾಂಪೂ ಹಾಕಿ ಒಗೆದದ್ದು ಆ ಮಲ್ಲಿಗೆ ವಾಸನೆಯ ಟೋಪಿಗಳನ್ನು.

ನಾನು ಮೈಕ್‌ಸೆಟ್‌ನವ. ಹೆಸರು ದಯಾನಂದ, ಕರೆಯುವುದು ದಯಾ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ಶಾಲೆಯೂ ನನ್ನನ್ನು ಹಿಂದಿರುಗಿ ಕರೆಯಲಿಲ್ಲ. ಆದರೆ ನಾನು ಕೇಳಿದಷ್ಟು ಭಾಷಣವನ್ನು ಯಾವ ಪ್ರೊಫೆಸರೂ ಕೇಳಿರಲಿಕ್ಕಿಲ್ಲ. ಮಾತಾಡುವವರಲ್ಲಿ ನಮೂನೆ ಉಂಟು. ಕೆಲವರು ಮೈಕನ್ನು ಐಸ್‌ಕ್ಯಾಂಡಿಯ ಹಾಗೆ ತುಟಿಗೆ ತಾಗಿಸುತ್ತಾರೆ. ಕೆಲವರು ಬಾಗಿಲು ಬಡಿದ ಹಾಗೆ ಬಡಿಯುತ್ತಾರೆ, ಒಳಗೆ ಯಾರೋ ಇದ್ದಾರೆ ಅನ್ನುವ ಹಾಗೆ. "ಎರಡೇ ಮಾತು ಹೇಳಿ ಕೂತುಕೊಳ್ತೇನೆ" ಅನ್ನುವವರನ್ನು ಕಂಡರೆ ನಾನು ಚಾ ಕುಡಿಯಲು ಹೊರಗೆ ಹೋಗುತ್ತೇನೆ, ಬಂದು ನೋಡಿದರೆ ಮೊದಲನೇ ಮಾತೇ ನಡೆಯುತ್ತಿರುತ್ತದೆ.

ಅಂಥವರಿಗೆ ನಮ್ಮಲ್ಲಿ ಒಂದು ಮದ್ದು ಉಂಟು. ಇದು ಹೊರಗೆ ಹೇಳುವ ವಿಷಯ ಅಲ್ಲ. ಸಭೆಯವರು ಕಣ್ಣು ಮಿಟುಕಿಸಿದರೆ ನಾವು ವಾಲ್ಯೂಮಿನ ನಾಬನ್ನು ನಿಧಾನಕ್ಕೆ ಹಿಂದೆ ತಿರುಗಿಸುತ್ತೇವೆ. ಒಮ್ಮೆಲೇ ಅಲ್ಲ, ಒಮ್ಮೆಲೇ ಮಾಡಿದರೆ ಗೊತ್ತಾಗುತ್ತದೆ. ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ಮಾತಾಡುವವರಿಗೆ ತಮ್ಮ ಸ್ವರವೇ ಸೋತ ಹಾಗೆ ಅನ್ನಿಸುತ್ತದೆ. ಸುಸ್ತಾಗಿ ಕೂತುಕೊಳ್ಳುತ್ತಾರೆ. ಯಾರಿಗೂ ಬೇಸರ ಇಲ್ಲ.

ಈ ಮದ್ದನ್ನು ನಾನು ಒಮ್ಮೆ ನನ್ನ ಅಕ್ಕನಿಗೆ ಹಾಕಿದೆ.

ಅಕ್ಕ ಅಂದರೆ ಜಲಜಕ್ಕ. ಬೀಡಿ ಕಟ್ಟುವವಳು. ಮಡಿಲಲ್ಲಿ ಬೀಡಿ ಎಲೆಯ ಗೆರಸೆ, ಅಂದರೆ ಮೊರ, ಇಟ್ಟುಕೊಂಡು ಜಗಲಿಯಲ್ಲಿ ಕೂತಳೆಂದರೆ ನೆರೆಕರೆಯ ಹೆಂಗಸರೆಲ್ಲ ತಮ್ಮ ತಮ್ಮ ಗೆರಸೆ ಹಿಡಿದು ಬಂದು ಸುತ್ತ ಕೂರುತ್ತಿದ್ದರು. ಕೈಗೆ ಎಲೆ, ಬಾಯಿಗೆ ಮಾತು. ಅಲ್ಲಿ ಹುಟ್ಟಿದ್ದೇ ನಮ್ಮ ಊರಿನ ಮಹಿಳಾ ಮಂಡಲ ಮತ್ತು ಅದರ ವರ್ಷಕ್ಕೊಮ್ಮೆಯ ಸಮ್ಮಿಲನ. ಅಧ್ಯಕ್ಷೆ ಲಿಲ್ಲಿ ಬಾಯಿ, ನರ್ಸ್ ಆಗಿ ರಿಟೈರ್ ಆದವರು, ಈಗ ಇಡೀ ಊರಿಗೇ ಬಿ.ಪಿ. ನೋಡುತ್ತಾರೆ. ಆದರೆ ಯಜಮಾನಿಕೆ ಅಕ್ಕನದ್ದು. ಕುರ್ಚಿ ಎಲ್ಲಿಂದ, ಶಾಲು ಯಾರಿಗೆ, ಕೋಲಾಟದ ಕೋಲು ಯಾರ ಅಟ್ಟದಲ್ಲಿ ಉಂಟು, ಎಲ್ಲ ಅವಳ ತಲೆಯಲ್ಲಿ.

ಸಮ್ಮಿಲನ ಮಹಿಳಾ ದಿನದ ಹೆಸರಿನಲ್ಲಿಯೇ, ಆದರೆ ಮಾರ್ಚ್ ಎಂಟಕ್ಕೆ ಆಗುವುದಿಲ್ಲ. ಆ ದಿನ ಊರಿನ ಅತಿಥಿಗಳೆಲ್ಲ ಬೇರೆ ಕಡೆಗೆ ಬುಕ್ಕು, ಸಭೆಯ ಹಾಲ್ ಬುಕ್ಕು, ನನ್ನ ಮೈಕೂ ಬುಕ್ಕು. ಹಾಗಾಗಿ ಮುಂದಿನ ಯಾವುದಾದರೂ ಭಾನುವಾರ. ಯಾರಾದರೂ ಕೇಳಿದರೆ ಅಕ್ಕ, "ಅವರದ್ದು ತಾರೀಕು ನೋಡಿ ಮಾಡುವುದು, ನಮ್ಮದು ತಿಥಿ ನೋಡಿ" ಅನ್ನುತ್ತಿದ್ದಳು.

ಇನ್ನೊಂದು ಕ್ರಮ ಅವಳೇ ಮಾಡಿದ್ದು. ಆ ದಿನ ಅಡುಗೆ, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲ ಗಂಡಸರದ್ದು. ಮೊದಲ ವರ್ಷ ಸಾಂಬಾರಿಗೆ ಮೂವರು ಬೇರೆ ಬೇರೆಯಾಗಿ ಉಪ್ಪು ಹಾಕಿದ್ದರು. ಹೆಂಗಸರು ಸಾಲಾಗಿ ಕೂತು, ಏನೂ ಹೇಳದೆ, ನೀರು ಕುಡಿದು ಕುಡಿದು ಉಂಡರು. "ನಾವು ಮಾಡಿದಾಗ ನೀವು ಹೀಗೆ ಸುಮ್ಮನೆ ಉಣ್ತೀರಾ?" ಅಂತ ಲಿಲ್ಲಿ ಬಾಯಿ ಕೇಳಿದ್ದಕ್ಕೆ ಬಡಿಸುವವರೆಲ್ಲ ಮತ್ತೊಮ್ಮೆ ನೀರು ತರಲು ಓಡಿದರು. ನನಗೆ ಮೈಕಿನ ಕೆಲಸ ಇರುವುದರಿಂದ ಅಡುಗೆಮನೆಯಿಂದ ರಜೆ. ಆ ರಜೆಯಲ್ಲಿ ಕೂತೇ ನಾನು ಒಂದು ವರ್ಷ ಅಕ್ಕನಿಗೆ ಆ ಮದ್ದು ಹಾಕಿದ್ದು.

ಆ ವರ್ಷ ಪೇಟೆಯಿಂದ ಒಬ್ಬರು ಉಪನ್ಯಾಸಕಿ ಅತಿಥಿಯಾಗಿ ಬಂದಿದ್ದರು. ಚಂದದ ಕನ್ನಡ, ಹತ್ತಿ ಸೀರೆ. ನಾನು ಕೂಡ ಹೊಸ ಷರಟು ಹಾಕಿದ್ದೆ, ಜೇಬಿನ ಮೇಲೆ ನನ್ನ ಸೌಂಡ್ಸಿನ ಹೆಸರು ಕೆಂಪು ನೂಲಿನಲ್ಲಿ. ನಾಲ್ಕು ಜನ ನೋಡಲಿ, ನಾಲ್ಕು ಮದುವೆ ಸಿಗಲಿ ಅಂತ. ಅಕ್ಕ ಸ್ವಾಗತ ಭಾಷಣಕ್ಕೆ ಎದ್ದಳು. ಬಾಯಿಪಾಠ ಮಾಡಿದ್ದನ್ನು ಎರಡು ವಾಕ್ಯ ಹೇಳಿದಳು, ಮೂರನೆಯದು ಮರೆತುಹೋಯಿತು. ಬೇರೆಯವರಾದರೆ ತಡವರಿಸಿ ಕೂತುಕೊಳ್ಳುತ್ತಿದ್ದರು. ಅಕ್ಕ ನಕ್ಕು, ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಮಾತಾಡುವ ಹಾಗೆ ಶುರು ಮಾಡಿದಳು.

"ನಮ್ಮ ಮನೆಯಲ್ಲಿ ಬಂಗುಡೆ ಮೀನು ತಂದ್ರೆ ಅಮ್ಮ ಎರಡು ತುಂಡು ಮಾಡ್ತಿದ್ರು. ಮಾಂಸ ಇರುವ ಬಾಲದ ತುಂಡು ತಮ್ಮನಿಗೆ, ತಲೆ ನನಗೆ. ಯಾಕಮ್ಮ ಅಂತ ಕೇಳಿದ್ರೆ, ತಲೆ ತಿಂದ್ರೆ ಬುದ್ಧಿ ಬರ್ತದೆ ಅಂತಿದ್ರು. ನಾನು ನಂಬಿ ತಿಂದೆ. ಹಾಗಾಗಿ ನಮ್ಮ ಮನೆಯಲ್ಲಿ ಬುದ್ಧಿ ಇರುವುದು ನನಗೆ. ಬಾಲ ತಿಂದವ ಅಗೊ, ಅಲ್ಲಿ ಮೈಕಿನ ಹತ್ರ ಕೂತಿದ್ದಾನೆ."

ಸಭೆಗೆ ಸಭೆಯೇ ತಿರುಗಿ ನನ್ನನ್ನು ನೋಡಿತು. ಎಂಥ ನಗು! ಉಪನ್ಯಾಸಕಿ ಕರ್ಚೀಫು ಹಿಡಿದು ನಕ್ಕರು. ಬಡಿಸುವ ಗಂಡಸರು ಸೌಟು ಹಿಡಿದು ಬಾಗಿಲಿಗೆ ಬಂದು ನಕ್ಕರು. ಈಗ ಯೋಚಿಸಿದರೆ ನನಗೂ ನಗು ಬರುತ್ತದೆ. ಆಗ ಬರಲಿಲ್ಲ. ಹೊಸ ಷರಟಿನೊಳಗೆ ಮೈಯೆಲ್ಲ ಬಿಸಿಯಾಯಿತು. ಅಕ್ಕ "ಆದ್ರೆ ಒಂದು ವಿಷಯ ಹೇಳ್ತೇನೆ..." ಅಂತ ಮುಂದುವರಿಸುತ್ತಿದ್ದಳು. ಇನ್ನು ಎಂತ ಹೇಳುತ್ತಾಳೋ ಮಾರಾಯ ಅಂತ ನನ್ನ ಬೆರಳು ನಾಬಿನ ಮೇಲೆ ಹೋಯಿತು. ಕೂದಲೆಳೆಯಷ್ಟು. ಮತ್ತೆ ಕೂದಲೆಳೆಯಷ್ಟು.

ಹಿಂದಿನ ಸಾಲಿನವರು "ಕೇಳುದಿಲ್ಲ ಜಲಜಕ್ಕ" ಅಂದರು. ಅವಳು ಸ್ವರ ಏರಿಸಿದಳು. ನಾನು ಇಳಿಸಿದೆ. ಅವಳು ಮೈಕನ್ನು ಹತ್ತಿರ ಹಿಡಿದಳು, ಕುತ್ತಿಗೆಯ ನರ ಉಬ್ಬಿತು. ನಾನು ಇನ್ನೂ ಇಳಿಸಿದೆ. ಕೊನೆಗೆ ಅವಳು ಮೈಕನ್ನೊಮ್ಮೆ ನೋಡಿ, ತನ್ನದೇ ಏನೋ ತಪ್ಪಾದ ಹಾಗೆ ಮುಖ ಸಣ್ಣ ಮಾಡಿ, ಎಲ್ಲರಿಗೂ ಕೈಮುಗಿದು ಕೂತಳು. ಮುಂದೆ ಉಪನ್ಯಾಸಕಿ ಎದ್ದರು. ನಾನು ನಾಬನ್ನು ಮೊದಲಿನ ಜಾಗಕ್ಕೆ ತಂದೆ. ಅವರ ಸ್ವರ ಗಂಟೆಯ ಹಾಗೆ ಕೇಳಿತು.

ಮನೆಗೆ ಬರುವಾಗ ಓಮ್ನಿಯಲ್ಲಿ ಅಕ್ಕ ಪಕ್ಕದಲ್ಲಿ ಕೂತಿದ್ದಳು. ಹಿಂದೆ ಸ್ಪೀಕರು. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು.

"ದಯಾ, ನನ್ನದು ಮಾತ್ರ ಯಾಕೆ ಹಾಗಾಯ್ತು?"

ಆಗಲಾದರೂ ಹೇಳಬಹುದಿತ್ತು. ನಾನು ದೊಡ್ಡ ತಜ್ಞನ ಹಾಗೆ ಹೇಳಿದ್ದು ಹೀಗೆ: "ಕೆಲವರ ಸ್ವರವನ್ನು ಮೈಕ್ ಹಿಡಿಯುದಿಲ್ಲ ಅಕ್ಕ. ಅದು ಹುಟ್ಟಿನಿಂದ. ಎಂತ ಮಾಡ್ಲಿಕ್ಕೂ ಆಗುದಿಲ್ಲ."

"ಹೌದಾ?" ಅಂದಳು. ನನ್ನ ಮಾತನ್ನು ಅವಳು ನಂಬದೆ ಇನ್ನು ಯಾರು ನಂಬಬೇಕು? ಮೈಕಿನ ವಿಷಯದಲ್ಲಿ ನಮ್ಮ ಮನೆಗೆ ನಾನೇ ಡಾಕ್ಟರು.

ಒಂದು ಸುಳ್ಳು ಎಷ್ಟು ದೂರ ಹೋಗುತ್ತದೆ ಅಂತ ಹೇಳುವವನಿಗೆ ಗೊತ್ತಿರುವುದಿಲ್ಲ. ಮುಂದಿನ ವರ್ಷ ಅಕ್ಕ ಸ್ವಾಗತಕ್ಕೆ ಬೇರೆಯವರನ್ನು ಎಬ್ಬಿಸಿದಳು. ತಾನು ಹೂವು ಕೊಟ್ಟಳು. ಅದರ ಮುಂದಿನ ವರ್ಷ ವೇದಿಕೆಗೂ ಬರಲಿಲ್ಲ, ಕುರ್ಚಿ ಎಳೆಯುತ್ತಾ ಹಿಂದೆ ಇದ್ದಳು. ಆಗೆಲ್ಲ ನನಗೆ, ಹೋಗಲಿ, ಒಂದು ಭಾಷಣ ತಾನೇ ಅನ್ನಿಸಿತ್ತು. ಆದರೆ ಶನಿವಾರ ಭಜನಾ ಮಂದಿರದಲ್ಲಿ ಮುಂದೆ ಕೂತು ಹೇಳಿಕೊಡುತ್ತಿದ್ದವಳು ಹಿಂದಿನ ಸಾಲಿಗೆ ಹೋದಳು. ಅಲ್ಲಿಯೂ ಮೈಕ್ ಉಂಟಲ್ಲ. ತಾಳ ಮಾತ್ರ ಹಾಕುತ್ತಾಳೆ, ತುಟಿ ಆಡಿಸುತ್ತಾಳೆ, ಸ್ವರ ಇಲ್ಲ. ಅವಳ ಮಗಳು ದೀಕ್ಷಾಳನ್ನು ಕಾಲೇಜಿನಲ್ಲಿ ಕಾರ್ಯಕ್ರಮ ನಿರೂಪಣೆಗೆ ಕರೆದರಂತೆ. ಆ ಹುಡುಗಿ ಬಂದು ನನ್ನಲ್ಲಿ ಹೇಳುತ್ತಾಳೆ: "ನಾನು ಆಗುದಿಲ್ಲ ಅಂದೆ ಮಾವ. ನಮ್ಮ ಮನೆಯವರ ಸ್ವರ ಮೈಕಿಗೆ ಆಗುದಿಲ್ಲವಲ್ಲ." ಅವಳು ಅದನ್ನು ಸಕ್ಕರೆ ಕಾಯಿಲೆಯ ಹಾಗೆ ಮನೆತನದ್ದು ಅಂದುಕೊಂಡಿದ್ದಾಳೆ!

ನಮ್ಮಲ್ಲಿ ಅಕ್ಕ ತಮ್ಮಂದಿರು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವ ಕ್ರಮ ಇಲ್ಲ. ಜಗಳ ಆದರೆ ಮರುದಿನ ಬೂತಾಯಿ ಮೀನು ತಂದು, "ಸಸ್ತಾ ಸಿಕ್ಕಿತು, ನಿಮಗೂ ಇರಲಿ" ಅಂತ ಬಸಳೆ ಚಪ್ಪರದ ಮೇಲಿನಿಂದ ದಾಟಿಸಿದರೆ ಮುಗಿಯಿತು. ನಾನು ಹಾಗೆಯೇ ಮಾಡಿದೆ. ಬೂತಾಯಿ ದಾಟಿಸಿದೆ, ಕಾಣೆ ಮೀನು ದಾಟಿಸಿದೆ, ಒಂದು ಸಲ ದುಬಾರಿ ಅಂಜಲ್ ಕೂಡ ದಾಟಿಸಿದೆ. ಅಕ್ಕ ನನ್ನ ಹೆಂಡತಿಯ ಹತ್ತಿರ, "ಇವನಿಗೆ ಎಂತ ಆಗಿದೆ ಮಾರಾಯ್ತಿ, ಲಾಟರಿ ಹೊಡೆದಿದೆಯಾ?" ಅಂತ ಕೇಳಿದಳಂತೆ. ಸಣ್ಣ ಜಗಳಕ್ಕೆ ಮೀನು ಸಾಕು. ಇದಕ್ಕೆ ಇಡೀ ಬಂದರು ತಂದು ಹಾಕಿದರೂ ಆಗುವುದಿಲ್ಲ ಅಂತ ನನಗೂ ಗೊತ್ತಿತ್ತು.

ಈ ವರ್ಷ ಫೆಬ್ರವರಿಯಲ್ಲಿ ಅಕ್ಕನ ಜಗಲಿಯಲ್ಲಿ ಮೀಟಿಂಗು. ವಯರು ಎಷ್ಟು ಬೇಕು ಅಂತ ಹೇಳಲು ನಾನೂ ಹೋಗಿದ್ದೆ. ಲಿಲ್ಲಿ ಬಾಯಿ ಬಿಕರ್ನಕಟ್ಟೆಯ ಚರ್ಚಿನಿಂದ, ಬಾಲ ಯೇಸುವಿಗೆ ಮೇಣದಬತ್ತಿ ಹಚ್ಚಿ ನೇರ ಬಂದಿದ್ದರು. ಬಂದವರೇ ಹೇಳಿದರು: "ಈ ಸಲ ಹೊರಗಿನ ಅತಿಥಿ ಬೇಡ. ಪ್ರತಿ ವರ್ಷ ಯಾರೋ ಬಂದು ನಮಗೆ ಧೈರ್ಯ ಹೇಳಿ ಹೋಗುದು, ನಾವು ಚಪ್ಪಾಳೆ ಹೊಡೆಯುದು. ನಮ್ಮವರೇ ಮಾತಾಡ್ಲಿ. ಜಲಜ ಮಾತಾಡ್ಲಿ."

"ಅಯ್ಯೊ ಬಾಯಿ, ನನ್ನ ಸ್ವರ ಮೈಕಿಗೆ ಆಗುದಿಲ್ಲ."

"ಯಾರು ಹೇಳಿದ್ದು?"

"ದಯಾ ಹೇಳಿದ್ದು. ಅವನಿಗೆ ಗೊತ್ತುಂಟಲ್ಲ."

ಲಿಲ್ಲಿ ಬಾಯಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬಿ.ಪಿ. ನೋಡುವಾಗ ನೋಡುವ ಹಾಗೆ. "ಹೌದಾ ದಯಾ? ಹಾಗೆ ಒಂದು ಉಂಟಾ?"

ಗೆರಸೆಯಿಂದ ತಲೆ ಎತ್ತಿ ಎಲ್ಲರೂ ನನ್ನನ್ನೇ ನೋಡಿದರು. ನಾನು ವಯರಿನ ಸುರುಳಿಯನ್ನೇ ನೋಡುತ್ತಾ, "ಕೆಲವರದ್ದು... ಹಾಗೆ ಬಾಯಿ" ಅಂದೆ.

ಎರಡನೇ ಸಲ! ಮೊದಲನೆಯದು ಕೋಪದಲ್ಲಿ ಆದದ್ದು ಅನ್ನಬಹುದು. ಇದಕ್ಕೆ ಎಂತ ಅನ್ನುವುದು? ಲಿಲ್ಲಿ ಬಾಯಿ, ಹಾಗಾದರೆ ತಾನೇ ನಾಲ್ಕು ಮಾತು ಹೇಳುತ್ತೇನೆ ಅಂದರು. ಅಕ್ಕ ಎದ್ದು ನಮಗೆ ಚಾ ಮಾಡಲು ಹೋದಳು. ನನ್ನ ಲೋಟಕ್ಕೆ ಸಕ್ಕರೆ ಜಾಸ್ತಿ ಹಾಕಿದ್ದಳು, ನನಗೆ ಹಾಗೆಯೇ ಬೇಕು ಅಂತ ಅವಳಿಗೆ ಗೊತ್ತು.

ನೀವು ಗಾಬರಿ ಆಗಬೇಡಿ. ಅಕ್ಕ ಈ ವರ್ಷ ಮಾತಾಡಿದಳು. ಅದನ್ನು ಮೊದಲು ಹೇಳಿಬಿಡುತ್ತೇನೆ, ಅದು ಹೇಗೆ ಆಯಿತು ಅಂತ ಆಮೇಲೆ. ಅವಳು ಮಾತಾಡುವಾಗ ನಾನು ನನ್ನ ಎರಡೂ ಕೈಗಳ ಮೇಲೆ ಕೂತಿದ್ದೆ. ಒಮ್ಮೆ ಮೈಕ್ ಕುಯ್ಯ್ ಅಂತ ಕೂಗಿತು, ಆಗಲೂ ಕೈ ತೆಗೆಯಲು ಹೆದರಿಕೆ. ಅವಳು ಅದೇ ಬಂಗುಡೆಯ ಕತೆ ಹೇಳಿದಳು. ಜನ ಹಿಂದಿನಷ್ಟೇ ನಕ್ಕರು, ನನ್ನನ್ನು ಹಿಂದಿನಷ್ಟೇ ತಿರುಗಿ ನೋಡಿದರು. ಆಮೇಲೆ ಅವಳು, "ಆದ್ರೆ ಒಂದು ವಿಷಯ ಹೇಳ್ತೇನೆ" ಅಂದಳು. ಅಂದು ನಾನು ಯಾರಿಗೂ ಕೇಳಲು ಬಿಡದ ಮಾತು ಅದು.

"ಈ ಬಾಲ ತಿಂದವ ಉಂಟಲ್ಲ, ಅಮ್ಮ ಆಚೆ ತಿರುಗಿದಾಗ ಅರ್ಧ ಮುರಿದು ನನ್ನ ಬಟ್ಟಲಿಗೆ ಹಾಕ್ತಿದ್ದ. ಒಲೆಯ ಹತ್ರ ಕೂತು ಉಣ್ಣುವಾಗ ಯಾರಿಗೂ ಕಾಣುದಿಲ್ಲ. ಹುಡುಗಿಯರಿಗೆ ಕೊಡಿ ಕೊಡಿ ಅಂತ ನಾವು ಸಭೆಯಲ್ಲಿ ಕೂಗ್ತೇವೆ. ಕೂಗುವುದು ಬೇಕು. ಆದ್ರೆ ಮನೆಯಲ್ಲಿ ಗಂಡುಮಕ್ಕಳಿಗೆ ಅರ್ಧ ಮುರಿಯಲು ಕಲಿಸುವುದು ಅದಕ್ಕಿಂತ ಮೊದಲು ಆಗ್ಬೇಕು."

ನಾನು ಹಾಗೆ ಮಾಡಿದ್ದು ನನಗೆ ನೆನಪೇ ಇಲ್ಲ. ಮಾಡಿದ್ದರೂ ಒಂದು ಸಲ ಮಾಡಿರಬಹುದು, ಅದೂ ಮುಳ್ಳು ಜಾಸ್ತಿ ಇದ್ದ ದಿನ. ಅಕ್ಕ ಒಂದು ಸಲದ್ದನ್ನು ಇಡೀ ಬಾಲ್ಯಕ್ಕೆ ಹಚ್ಚಿ ಬಿಡುವವಳು. ಈ ಒಳ್ಳೆಯ ಮಾತು ಬರುವ ಹೊತ್ತಿಗೆ ಸರಿಯಾಗಿ ನಾನು ಅಂದು ನಾಬು ತಿರುಗಿಸಿದ್ದೆ. ಈಗ ಮನೆಯಲ್ಲಿ ಟಿ.ವಿ. ಸೌಂಡು ಕಡಿಮೆ ಮಾಡಲು ಹೋದರೂ ಅವಳು ಚಪ್ಪರದ ಆಚೆಯಿಂದ ಕೂಗುತ್ತಾಳೆ: "ಮುಟ್ಬೇಡ ಮಾರಾಯ, ನಿನ್ನ ಕೈ ಒಳ್ಳೆದಲ್ಲ!"

ಇನ್ನು ಈ ವರ್ಷದ ಸಮ್ಮಿಲನದ ಬೆಳಿಗ್ಗೆ ನಡೆದದ್ದು.

ನಾನು ಒಂದು ಹೇಡಿಯ ಉಪಾಯ ಮಾಡಿಕೊಂಡು ಹೋಗಿದ್ದೆ. ಮೈಕ್ ಟೆಸ್ಟಿಗೆ ಅಂತ ಅಕ್ಕನ ಕೈಗೆ ಕೊಡುವುದು, ಸೌಂಡು ಸರಿಯಾಗಿ ಬಿಡುವುದು. ಅವಳೇ ಕೇಳಿಕೊಳ್ಳಲಿ, ಧೈರ್ಯ ಬರಲಿ. ನಾನು ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಹಾಲಿನಲ್ಲಿ ಅವಳೊಬ್ಬಳೇ ಗುಡಿಸುತ್ತಿದ್ದಳು. ಹಿಂದೆ ಅಡುಗೆಮನೆಯಲ್ಲಿ ಗಂಡಸರು ತೊಂಡೆಕಾಯಿ ಹೆಚ್ಚುತ್ತಿದ್ದರು. ಗಲ್ಫಿನಿಂದ ಬಂದ ಲಿಲ್ಲಿ ಬಾಯಿಯ ಗಂಡ ಅವರಿಗೆಲ್ಲ ಮೇಸ್ತ್ರಿ.

"ಅಕ್ಕ, ಒಂದು ಹಲೋ ಹೇಳು. ನಾನು ಸೌಂಡು ನೋಡ್ಬೇಕು."

"ನನ್ನದನ್ನು ಅದು ಹಿಡಿಯುದಿಲ್ಲವಲ್ಲ."

"ಸುಮ್ಮನೆ ಹೇಳು."

ಪೊರಕೆಯನ್ನು ಗೋಡೆಗೆ ಒರಗಿಸಿ, ಕೈಯನ್ನು ಸೀರೆಗೆ ಉಜ್ಜಿ, ಮೈಕ್ ಹಿಡಿದಳು. "ಹಲೋ... ಎಂತ ಹೇಳುದು? ಅಡುಗೆಯವರಿಗೆ ಹೇಳುದು, ಉಪ್ಪು ಒಬ್ಬರೇ ಹಾಕಿ."

ಸ್ವರ ಹಾಲಿನ ತುಂಬ ತುಂಬಿತು, ಕಿಟಕಿಯಿಂದ ದಾಟಿ ರಸ್ತೆಗೂ ಹೋಯಿತು. ಒಳಗಿನಿಂದ ಗಂಡಸರು "ಆಯ್ತು ಜಲಜಕ್ಕಾ!" ಅಂತ ಒಟ್ಟಿಗೆ ಕೂಗಿದರು. ಅಕ್ಕ ಬೆಚ್ಚಿ ಸ್ಪೀಕರಿನ ಕಡೆ ನೋಡಿದಳು, ಮತ್ತೆ ಕೈಯಲ್ಲಿದ್ದ ಮೈಕನ್ನು ನೋಡಿದಳು.

"ಇದು ನನ್ನದಾ ದಯಾ?"

"ನಿನ್ನದೇ."

"ಹಾಗಾದ್ರೆ ಹೊಸ ಮೈಕ್ ತಂದಿದ್ದೀಯಾ?"

ನೋಡಿ, ದಾರಿ ತಾನಾಗಿ ತೆರೆಯಿತು. ನಾನು "ಹೂಂ" ಅಂದೆ.

"ನನಗೆ ಬೇಕಾಗಿ?"

"ಹೂಂ."

ಅವಳ ಕಣ್ಣು ತುಂಬಿತು. ನಾನು ಸುಮ್ಮನೆ ವಯರು ಸುತ್ತುವ ಹಾಗೆ ಮಾಡಿದೆ. ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡರೆ ಅವಳು ಮೈಕನ್ನು ಬಾಯಿಯ ಹತ್ತಿರ ಹಿಡಿದು, "ಕೇಳಿದ್ರಾ ಎಲ್ಲರೂ? ನನ್ನ ಸ್ವರಕ್ಕೆ ಬೇಕಾಗಿ ನಮ್ಮ ದಯಾ ಹೊಸ ಮೈಕ್ ತಂದಿದ್ದಾನೆ. ಇಂಥ ತಮ್ಮ..." ಅಂತ ಊರಿಗೇ ಹೇಳಲು ಶುರು ಮಾಡಿದಳು. ನನ್ನ ಸುಳ್ಳು ನನ್ನದೇ ಸ್ಪೀಕರಿನಲ್ಲಿ, ಒಂದು ಚೂರೂ ಗೊರಗೊರ ಇಲ್ಲದೆ. ಬೆರಳು ಅಭ್ಯಾಸಬಲದಿಂದ ನಾಬಿನ ಮೇಲೆ ಹೋಯಿತು. ಅದನ್ನು ನಾನೇ ನೋಡಿದೆ. ಬೇರೆ ಯಾರದ್ದೋ ಬೆರಳಿನ ಹಾಗೆ ಕಂಡಿತು. ಕೈ ತೆಗೆದು ಅವಳ ಹತ್ತಿರ ಹೋದೆ.

"ಅಕ್ಕ, ಇದು ಹಳೆಯದೇ ಮೈಕ್. ಅಂದಿನದ್ದೇ."

ಅವಳು ಮೈಕ್ ಕೆಳಗಿಳಿಸಿದಳು. "ಮತ್ತೆ ಅಂದು?"

"ಅಂದು ನಾನು ಕಡಿಮೆ ಮಾಡಿದ್ದು."

"ಎಂತಕ್ಕೆ?"

"ನೀನು ಬಾಲದ ಕತೆ ಹೇಳಿದಿ. ಎಲ್ಲರೂ ನನ್ನನ್ನು ನೋಡಿ ನಕ್ಕರು. ನಾಚಿಕೆ ಆಯ್ತು."

"ಅಷ್ಟಕ್ಕೇ?"

"ಅಷ್ಟಕ್ಕೇ."

ಹತ್ತಿರದ ಕುರ್ಚಿಯಲ್ಲಿ ಕೂತಳು. ಬೈದಿದ್ದರೆ ನನಗೆ ಸುಲಭ ಇತ್ತು. ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಅವಳಿಗೂ ಸುಲಭ ಇತ್ತು. ಒಳಗೆ ತೊಂಡೆಕಾಯಿ ಹೆಚ್ಚುವ ಸದ್ದು ಒಂದೊಂದಾಗಿ ನಿಂತಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೋಡದೆ ಹೇಳಿದಳು:

"ನನ್ನ ಎಷ್ಟು ಭಜನೆ ಹೋಯ್ತು ಮಾರಾಯ."

ನಾನು ಅವಳ ಮುಂದೆ ನೆಲದಲ್ಲಿ ಕೂತೆ. ಮೀನು ತರದೆ, ಚಪ್ಪರದ ಮರೆ ಇಲ್ಲದೆ, ಒಳಗಿನವರಿಗೆಲ್ಲ ಕೇಳುವ ಹಾಗೆ ಹೇಳಿದೆ:

"ನಿನ್ನ ಸ್ವರ ಅಂದೂ ಸರಿ ಇತ್ತು ಅಕ್ಕ. ಅದಕ್ಕೆ ಎಂತದೂ ಆಗಿರಲಿಲ್ಲ. ಸುಳ್ಳು ಹೇಳಿದ್ದು ನಾನು. ತಪ್ಪಾಯ್ತು, ನನ್ನನ್ನು ಕ್ಷಮಿಸು."